ಸೂಪರಿಂಟೆಂಡೆಂಟರ ಪಿಯಾನೋ ಪ್ಲೇಟು

ಆಫೀಸಿನಿಂದ ಬಂದ ದೇವರಾಜು ದಸರಾ ಗೊಂಬೆಗಳ ಮುಂದೆ ನಿಂತವನು ಹಾಗೇ ಕಲ್ಲಾದ. ಪಟ್ಟದ ಗೊಂಬೆಗಳ ಕಾಲಬುಡದಲ್ಲಿ ಒಂದು ಕರೀ ಬಟ್ಟಲು, ಅದರ ತುಂಬ ಸೇವಂತಿಗೆ. ಹೂವು ಸರಿಸಿ ನೋಡಿದ. ತಳದಲ್ಲೊಂದು ತೂತು, ತೂತಿನ ಸುತ್ತ ಕೆಂಪು ಚೀಟಿ.

“ಎಂಗೈತೆ? ಶಿವನಂಜಮ್ಮ ಹೇಳ್ಕೊಟ್ರು,” ಎಂದಳು ಹೆಂಡತಿ ಮಂಗಳಮ್ಮ. “ಪ್ಲೇಟ್‌ನ ಬಿಸಿನೀರಿಗೆ ಅದ್ದಿ ಮಡಕೆ ಮೇಲೆ ಕವುಚಿದ್ರೆ ಬಟ್ಟಲಾಗ್ಬುಡುತ್ತೆ. ನಮ್ಮನೇಲಿ ಗ್ರಾಮಫೋನೇ ಇಲ್ವಲ್ಲ, ಸುಮ್ನೆ ಬಿದ್ದಿತ್ತು...”

“ಅಯ್ಯೋ ಪಾಪಿ! ಅದು ಸೂಪರಿಂಟೆಂಡೆಂಟರದು ಕಣೇ!”

ಜಯಲಕ್ಷ್ಮಿಪುರಂನ ಮನೆಗೆ ಸುಣ್ಣ ಹೊಡೆಸುವಾಗ ಸೂಪರಿಂಟೆಂಡೆಂಟ್ ಕೃಷ್ಣಸ್ವಾಮಿಯವರು ಜೋಪಾನವಾಗಿಡಲು ತಾವೇ ಕರೆದು ಕೊಟ್ಟಿದ್ದ ಪ್ಲೇಟು ಅದು. ಅವರ ಹೆಂಡತಿ ರಮಾಮಣಿಯ ಅಣ್ಣ ವಿಲಾಯಿತಿಯಿಂದ ತಂದದ್ದು. ಅದರಲ್ಲಿ ನಾಲ್ಕು ಜನ ತಂತಿ ಉಜ್ಜುತ್ತಾರೆ, ಒಬ್ಬ ಪಿಯಾನೋ ಬಾರಿಸುತ್ತಾನೆ. ಅದನ್ನು ಕೇಳದೆ ಆಕೆಗೆ ಬೆಳಗಿನ ಕಾಫಿ ಇಳಿಯದು. ದೇವರಾಜುವಿನ ಕೆಲಸ ಖಾಯಂ ಆಗುವ ಫೈಲು ಈಗ ಕೃಷ್ಣಸ್ವಾಮಿಯವರ ಮೇಜಿನ ಮೇಲಿತ್ತು. ಗೊಂಬೆ ನೋಡಿ, ಪ್ಲೇಟೂ ಒಯ್ಯಲು ಗಂಡಹೆಂಡಿರಿಬ್ಬರೂ ಇನ್ನೇನು ಬರುವವರು.

ಗಲಾಟೆ ಕೇಳಿ ಪಕ್ಕದ ಮನೆಯ ಶಿವನಂಜಮ್ಮ ಬಂದಳು. “ಬಟ್ಲು ಮಾಡ್ದೋಳಿಗೆ ಪ್ಲೇಟ್ ಮಾಡಕ್ಕೆ ಬರಾಕಿಲ್ವಾ? ಸುಮ್ಕಿರಿ ಅಣ್ಣಯ್ಯ!”

ಹಿತ್ತಲಲ್ಲಿ ಮತ್ತೆ ಹಂಡೆಯ ನೀರು. ಬಟ್ಟಲು ಮೆತ್ತಗಾಯಿತು. ಶಿವನಂಜಮ್ಮ ಅದನ್ನು ಮಣೆಯ ಮೇಲೆ ಹರಡಿ, ಮೇಲೊಂದು ಮಣೆ ಮುಚ್ಚಿ, ಅದರ ಮೇಲೆ ದೇವರಾಜುವನ್ನೇ ಕೂರಿಸಿದಳು. ಅವನ ಮಕ್ಕಳ ಹಿಂಡಿನ ಜೊತೆ ಮಂಡಿ ಮೊಹಲ್ಲಾದ ಆ ವಠಾರವೆಲ್ಲ ಹಿತ್ತಲ ಬಾಗಿಲಲ್ಲಿ ನೆರೆಯಿತು. “ಕೂತಿರಿ, ಅಲ್ಲಾಡ್‌ಬ್ಯಾಡಿ” ಅಂದವರೊಬ್ಬರು, “ತಣ್ಣೀರು ಹಾಕಿ” ಅಂದವರೊಬ್ಬರು. ಬೀದಿಯಲ್ಲಿ ಜಟಕಾ ನಿಂತ ಸದ್ದು; ನೆರೆದವರೆಲ್ಲ ಚದುರಿದರು. ದೇವರಾಜು ಎದ್ದ, ಶಿವನಂಜಮ್ಮ ಹೆಗಲು ಅದುಮಿ ಕೂರಿಸಿದಳು. “ಇನ್ನೂ ಗಟ್ಟಿಯಾಗಿಲ್ಲ!”

ರಮಾಮಣಿ ಹೊಸ್ತಿಲು ದಾಟುವುದಕ್ಕೂ ಪ್ಲೇಟು ಹೊರಬರುವುದಕ್ಕೂ ಸರಿಹೋಯಿತು. ದೇವರ ದಯೆ, ಚಪ್ಪಟೆಯಾಗಿತ್ತು! ಮಂಗಳಮ್ಮ, ಶಿವನಂಜಮ್ಮ ಇಬ್ಬರೂ ಆಕೆಯನ್ನು ಗೊಂಬೆಗಳತ್ತ ಕರೆದೊಯ್ದರು. ಕೃಷ್ಣಸ್ವಾಮಿ ಮಾತ್ರ ನೇರವಾಗಿ ಹಿತ್ತಲಿಗೇ ಬಂದು ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಬಾಡಿತು.

“ಒಡೆದಿಲ್ಲವೇನಯ್ಯಾ?”

“ಇಲ್ಲ ಸಾರ್, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೀನಿ!”

“ಮಕ್ಕಳ ಸೈನ್ಯ ಇರೋ ಮನೆ ಅಂತ ನಿನ್ನನ್ನೇ ಹುಡುಕಿ ಕೊಟ್ಟೆನಲ್ಲಯ್ಯಾ!” ಕೃಷ್ಣಸ್ವಾಮಿಯವರು ಪಿಸುಗುಟ್ಟಿದರು. “ದಿನಾ ಬೆಳಗಾದರೆ ಇದೇ ಕುಂಯ್ ಕುಂಯ್, ಟಣ್ ಟಣ್. ತಲೆ ಚಿಟ್ಟು ಹಿಡಿದುಹೋಗಿದೆ. ಒಂದು ಪ್ಲೇಟು ಒಡೆಯೋದಕ್ಕೂ ಆಗಲಿಲ್ಲವೇ ನಿನ್ನ ಕೈಲಿ?”

ದೇವರಾಜು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಬಾಗಿಲ ಕಡೆ ಒಮ್ಮೆ ಇಣುಕಿ, ಪ್ಲೇಟನ್ನು ಒಗೆಯುವ ಕಲ್ಲಿನ ಮೇಲೆ ಬಿಟ್ಟರು. ಫಳಾರ್!

“ಏನಯ್ಯಾ ದೇವರಾಜು! ಬೀಳಿಸಿಬಿಟ್ಟೆಯಲ್ಲಯ್ಯಾ!” ಕೂಗು ವಠಾರಕ್ಕೆಲ್ಲ ಕೇಳಿಸಿತು.

ಓಡಿ ಬಂದ ರಮಾಮಣಿ ಚೂರುಗಳನ್ನು ನೋಡಿ ಗೊಳೋ ಎಂದರು. “ಇಂಥವನನ್ನೇನು ನೀವು ಖಾಯಂ ಮಾಡ್ತೀನಿ ಅಂದಿದ್ದು?”

ಕೃಷ್ಣಸ್ವಾಮಿ ದೇವರಾಜುವಿನ ಮುಖ ನೋಡಲಿಲ್ಲ. “ಛೆ ಛೆ, ಇನ್ನೆಲ್ಲಿಯ ಖಾಯಂ, ಬಿಡೇ,” ಎಂದು ಹೆಂಡತಿಯನ್ನು ಸಮಾಧಾನ ಮಾಡುತ್ತ, ಉಕ್ಕಿ ಬರುತ್ತಿದ್ದ ನಗುವನ್ನು ನುಂಗಿಕೊಂಡು ಜಟಕಾ ಹತ್ತಿದರು.