ವನ್ಸ್ ಮೋರ್‌ಗೆ ಅರ್ಧಾಣೆ

ಮುಕ್ಕಾಂ ಶಹಾಬಾದ, ಸ್ಟೇಷನ್ನಿನ ಹಿಂದಿನ ಬಯಲು
ಬಹಮನ್ ತಿಂಗಳು, ಫಸಲಿ ೧೩೪೭, ಗುರುವಾರ

ಶ್ರೀಮಾನ್ ವನ್ಸ್ ಮೋರ್ ಸಾಹೇಬರಿಗೆ,
ಠಿಕಾಣಿ: ನೆಲದ ಒಂದಾಣೆ ಜಾಗ, ನಾಟಕದ ಡೇರೆ.

ಮಾನ್ಯರೇ,

ಕಂಠಗಳಲ್ಲಿ ಹುಟ್ಟಿ ಕಂಬಗಳನ್ನು ನಡುಗಿಸುವ, ಪರದೇಶದ ಭಾಷೆಯಲ್ಲಿ ಜನಿಸಿಯೂ ನಮ್ಮ ಕಲ್ಲುಗಣಿಯ ಮಂದಿಯ ನಾಲಗೆಯ ಮೇಲೆ ಮನೆಮಗನಂತೆ ನೆಲೆಸಿದ, ಹಾಡು ಮುಗಿದೊಡನೆ ಡೇರೆಯ ನಾಲ್ಕೂ ದಿಕ್ಕಿನಿಂದ ಎದ್ದು ಬರುತ್ತಿದ್ದ ತಮ್ಮ ಪಾದಗಳಿಗೆ, ಪಾದಗಳಿದ್ದರೆ, ಈ ನಾಗೇಂದ್ರಪ್ಪನ, ಅಂದರೆ ಹನ್ನೊಂದು ಗಡ್ಡ, ಒಂದು ಹಾರ್ಮೋನಿಯಂ ಮತ್ತು ಒಬ್ಬಳೇ ನೀಲಾಬಾಯಿ ಇರುವ ನಾಟಕ ಮಂಡಳಿಯ ಮಾಲೀಕನ, ಸಾಷ್ಟಾಂಗ ನಮಸ್ಕಾರಗಳು. ಹದಿನಾಲ್ಕು ದಿನಗಳಿಂದ ತಾವು ನಮ್ಮ ಡೇರೆಯಲ್ಲಿ ಮನಸಾರೆ ಕಾಣಿಸಿಕೊಂಡಿಲ್ಲ. ತಾವು ಕ್ಷೇಮವೆಂದು ನಂಬಿರುತ್ತೇನೆ, ನಾವು ಅಲ್ಲ.

ಮೊದಲಿಗೆ ನನ್ನ ತಕರಾರನ್ನು ನಿವೇದಿಸಿಕೊಳ್ಳಲು ಅಪ್ಪಣೆಯಾಗಬೇಕು. ನಮ್ಮ ನಾಟಕದ ರಾಣಿ ರತ್ನಮಾಲೆ ಕಾಡಿನಲ್ಲಿ ಕೂಸನ್ನು ಕಳೆದುಕೊಂಡು ಹಾಡುವ ಪದವನ್ನು ನೀಲಾಬಾಯಿ ಒಮ್ಮೆ ಹಾಡಿದರೆ ಆಟ ಮುಂದೆ ಸಾಗಬೇಕು. ತಾವು ಬಂದು ನಾಲ್ಕು ಸಲ ಹಾಡಿಸುತ್ತಿದ್ದಿರಿ, ಕೂಸು ನಾಲ್ಕು ಸಲ ಕಳೆಯುತ್ತಿತ್ತು, ಅಷ್ಟು ಹೊತ್ತೂ ಸೇನಾಪತಿಯಾದ ನಾನು ಅದನ್ನು ಕಂಕುಳಲ್ಲಿಟ್ಟುಕೊಂಡು ಪರದೆಯ ಹಿಂದೆ ನಿಂತಿರುತ್ತಿದ್ದೆ. ಇತ್ತ ಗ್ಯಾಸ್‌ಬತ್ತಿಗಳು ಘಾಸಲೇಟ್ ಎಣ್ಣೆಯನ್ನು ಬೀಗರು ಪಾನಕ ಕುಡಿದಂತೆ ಕುಡಿಯುತ್ತಿದ್ದವು, ಅತ್ತ ವಾಡಿಯಿಂದ ಬಂದ ಪ್ರೇಕ್ಷಕರಿಗೆ ಮರಳುವ ಗಾಡಿ ತಪ್ಪಿ, ಅವರು ನನ್ನ ಡೇರೆಯಲ್ಲೇ ಮಲಗಿ, ಬೆಳಗ್ಗೆ ಎದ್ದು ನನ್ನ ಹೆಂಡತಿ ಶರಣಬಸಮ್ಮನ ಜೋಳದ ರೊಟ್ಟಿಗೂ ತಮ್ಮ ಹೆಸರನ್ನೇ ಕೂಗುತ್ತಿದ್ದರು.

ಈ ದುಃಖವನ್ನು ನಾನು ಸ್ಟೇಷನ್ನಿನ ಗೂಡ್ಸ್ ಬಾಬು ಶೌಕತ ಅಲಿಯವರ ಮುಂದೆ ತೋಡಿಕೊಂಡೆ. ಫರಸಿ ಕಲ್ಲಿನ ವ್ಯಾಗನ್ನುಗಳಿಗೆ ಚೀಟಿ ಹಚ್ಚುವ ನಡುನಡುವೆ ಹೈದರಾಬಾದಿನ ಯಾವುದೋ ಪರೀಕ್ಷೆಗಾಗಿ ಅರ್ಥಶಾಸ್ತ್ರ ಓದುತ್ತಿರುವ ವಿದ್ವಾಂಸರು ಅವರು. ಪುಸ್ತಕದಲ್ಲಿ ಬೆರಳಿಟ್ಟು, "ಮಾಲಕ್ರೇ, ಮುಫತ್ ಕೊಟ್ಟ ಮಾಲು ಯಾರಿಗೂ ಸಾಕಾಗಂಗಿಲ್ಲ. ಕಿಮ್ಮತ್ ಹಚ್ರಿ. ಖರೇ ಬೇಕಾದವ ರೊಕ್ಕ ಕೊಡ್ತಾನ, ಉಳಿದವ ಬಾಯಿ ಮುಚ್ಕೋತಾನ" ಎಂದರು. ಮೊದಲನೆಯ ಬಟ್ಟಲು ಹುಗ್ಗಿಯ ರುಚಿ ನಾಲ್ಕನೆಯ ಬಟ್ಟಲಿಗೆ ಇರುವುದಿಲ್ಲವಾದ್ದರಿಂದ, ಬೆಲೆ ಬಿದ್ದೊಡನೆ ನಾಲ್ಕು ಸಲದ ಹಾಡು ತಾನಾಗಿ ಎರಡಕ್ಕೆ ಇಳಿಯುವುದೆಂದೂ ಅಪ್ಪಣೆ ಕೊಡಿಸಿದರು. ಆಹಾ! ಎಣ್ಣೆಯೂ ಉಳಿಯಿತು, ಗಾಡಿಯೂ ಸಿಕ್ಕಿತು, ಗಲ್ಲಾವೂ ತುಂಬಿತು ಎಂದು ನಾನು ಪ್ಲಾಟ್‌ಫಾರ್ಮಿನ ಮೇಲೇ ಮೀಸೆ ತಿರುವಿದೆ.

ಮರುದಿನ ಡೇರೆಯ ಬಾಗಿಲಲ್ಲಿ "ವನ್ಸ್ ಮೋರ್‌ಗೆ ಅರ್ಧಾಣೆ" ಎಂಬ ಫಲಕ ತೂಗಿತು, ನೆಲದ ಜಾಗದ ನಡುವೆ ತಗಡಿನ ಡಬ್ಬಿಯೊಂದು ಕುಳಿತಿತು. ಯಾರಾದರೊಬ್ಬರು ಹಾಕಿದರೆ ಸಾಕು, ಹಾಡು ಮತ್ತೊಮ್ಮೆ. ನೀಲಾಬಾಯಿ ಹಾಡಿದಳು. ಮುನ್ನೂರು ಮಂದಿ ಕಣ್ಣೊರೆಸಿಕೊಂಡರು. ಆಮೇಲೆ, ಸಾಹೇಬರೇ, ಮೂವತ್ತು ವರ್ಷಗಳ ರಂಗಜೀವನದಲ್ಲಿ ನಾನು ಕೇಳದಿದ್ದ ಸದ್ದು ಕೇಳಿಸಿತು: ಏನೂ ಇಲ್ಲ! ಒಬ್ಬೊಬ್ಬನೂ ಡಬ್ಬಿಯನ್ನು ನೋಡಿದ, ಪಕ್ಕದವನನ್ನು ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ. ಕಲ್ಲು ಒಡೆಯುವ ಮಜೀದಸಾಬ, ಯಾವನ ಗಂಟಲು ತಮ್ಮ ಖಾಸಾ ಅರಮನೆಯಾಗಿತ್ತೋ ಆ ಮಜೀದಸಾಬ, ಪಕ್ಕದ ಸಾಯಬಣ್ಣನನ್ನು ತಿವಿದು, "ಹಾಕಲೇ, ನೀ ಹಾಕಿದ್ರ ನನ್ನ ಕಿವಿಗೇನ್ ಬಾಗಲಾ ಹಾಕ್ತಾರೇನು?" ಎಂದರೆ, ಸಾಯಬಣ್ಣ, "ನಾನೂ ಅದನ್ನೇ ಕಾಯಾಕತ್ತೀನಿ, ನೀ ಹಾಕು" ಎಂದ. ಆಟ ಮುಗಿದಾಗ ಡಬ್ಬಿಯಲ್ಲಿ ಒಂದು ಶೇಂಗಾ ಸಿಪ್ಪೆ ಇತ್ತು.

ಓಡಿಹೋಗಿ ಕೇಳಿದರೆ ಶೌಕತ ಅಲಿಯವರು ಪುಟ ತಿರುವಿ, "ಆ ಪಾಠ ಇಲ್ಲಿ ಅದ ನೋಡ್ರಿ, ನಾ ಇನ್ನಾ ಓದಿದ್ದಿಲ್ಲ. ಒಬ್ಬ ಟಿಕೇಟ್ ತಗೊಂಡ್ರ ರೈಲಿನ ಡಬ್ಬಿ ತುಂಬ ಮಂದಿ ಪುಕ್ಕಟ ಕುಂಡ್ರೋ ಗಾಡಿ ನೀವು ಬಿಟ್ಟೀರಿ. ಟಿಕೇಟ್ ಯಾವ ಹುಚ್ಚ ತಗೋತಾನ್ರಿ?" ಎಂದು ನನ್ನನ್ನೇ ಗದರಿಸಿದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೂರು ದಿನ ನೀಲಾಬಾಯಿ ಪದ ಮುಗಿಸಿ, ಎರಡನೆಯ ಸಲಕ್ಕೆಂದು ಎದೆ ತುಂಬ ಉಸಿರು ತೆಗೆದುಕೊಂಡು, ತಮ್ಮ ದಾರಿ ಕಾದು, ಆ ಉಸಿರನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಬಂದಳು. ನಾಲ್ಕನೆಯ ದಿನ ಮುಖದ ಬಣ್ಣ ಒರೆಸುತ್ತ ಹೇಳಿದಳು: "ಇಷ್ಟ್ ವರ್ಷ ನನ್ನ ಹಾಡಿನ ಕಿಮ್ಮತ್ ಎಷ್ಟಂತ ಯಾರೂ ಕೇಳಿದ್ದಿಲ್ರಿ ಮಾಲಕ್ರೇ. ನೀವು ಕೇಳಿದ್ರಿ. ಅರ್ಧಾಣೆನೂ ಇಲ್ಲಂತ ಗೊತ್ತಾತು." ಸೇಡಂನಲ್ಲಿ ಡೇರೆ ಹಾಕಿರುವ ಇನ್ನೊಂದು ಕಂಪನಿಯವರು ಸೋಮವಾರದಿಂದ ತಮ್ಮಲ್ಲಿಗೆ ಬರಬೇಕೆಂದು ಅವಳಿಗೆ ಹೇಳಿಕಳಿಸಿದ್ದಾರೆ, ರವಿವಾರ ಸಂಜೆಯ ಗಾಡಿಗೆಂದು ಟ್ರಂಕು ತುಂಬಿಟ್ಟಿದ್ದಾಳೆ. ಅವಳು ಹೋದರೆ ಉಳಿಯುವುದು ಹನ್ನೊಂದು ಗಡ್ಡ. ಗಡ್ಡ ನೋಡಲು ಚಿತ್ತಾಪುರದಿಂದ ಯಾರೂ ಗಾಡಿ ಹತ್ತಿ ಬರುವುದಿಲ್ಲ.

ಆಗ ನಾನು ಏನು ಮಾಡಿದೆ? ಮಾರಲು ಹೋದ ಸರಕನ್ನು ಕೊಳ್ಳಲು ಹೋದೆ! ಫಲಕ ಇಳಿಸಿ, ಡಬ್ಬಿ ಎಸೆದು, ಹಾಡು ಮುಗಿದಾಗ ಕೂಗಲೆಂದು ಮಜೀದಸಾಬನಿಗೆ ಗುಟ್ಟಾಗಿ ಎರಡಾಣೆ ಗೊತ್ತು ಮಾಡಿದೆ. ಆ ಪುಣ್ಯಾತ್ಮ ಹಾಡು ಶುರುವಾಗುವ ಮೊದಲೇ ಕೂಗಿ, ಚಪ್ಪಲಿ ಮೆಟ್ಟಿಕೊಂಡು, "ನನ್ನ ಕೆಲಸ ಮುಗೀತ್ರಿ" ಎಂದು ಹೊರಟ. ಮರುದಿನ ಇಡೀ ನೆಲದ ಜಾಗ ಸಾಯಬಣ್ಣನನ್ನು ಮುಂದಿಟ್ಟುಕೊಂಡು ನನ್ನ ಬಳಿ ಬಂತು: "ಅವನ ಬಾಯಿಗಿ ಎರಡಾಣೆ, ನಮ್ಮವೇನು ಇಲಿ ಬಿಲಾ ಏನ್ರಿ?" ಎಂದು. ಈಗ ಪುಕ್ಕಟೆ ಕೂಗುವವನನ್ನು ದಡ್ಡನೆಂದು ನಗುತ್ತಾರೆ. ನೀಲಾಬಾಯಿಯಾದರೋ, "ಬಾಡಗಿ ಬಾಯಿ ಗುರ್ತು ಸಿಗಲಾರದಷ್ಟು ಕಿವುಡಿ ಅಲ್ರಿ ನಾ" ಎಂದು ಟ್ರಂಕಿಗೆ ಹಗ್ಗವನ್ನೂ ಬಿಗಿದಳು. ಒಲೆಯ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡ ಶರಣಬಸಮ್ಮ, ಶೌಕತ ಅಲಿಯವರ ಪುಸ್ತಕದಲ್ಲಿ ಇರದ ಪಾಠವೊಂದನ್ನು ಹೇಳಿದಳು: "ಉಂಡವ ಖುಷಿಲಿಂದ ತೇಗಿದ್ರ ತೇಗಿಗೂ ರೊಕ್ಕ ಕೇಳಿದ್ರಿ. ಈಗ ತೇಗಪ್ಪಾ ಅಂತ ರೊಕ್ಕ ಕೊಡಾಕತ್ತೀರಿ. ಊಟ ಬಡಸೋದು ನೋಡ್ಕೋರಿ ಅಂದ್ರ!"

ಆದಕಾರಣ ಈ ಬಹಿರಂಗ ಪತ್ರವನ್ನು ಡೇರೆಯ ಬಾಗಿಲಿಗೇ ಅಂಟಿಸಿ ಬೇಡಿಕೊಳ್ಳುತ್ತಿದ್ದೇನೆ. ತಾವು ಮರಳಿ ದಯಮಾಡಿಸಬೇಕು. ಎಣ್ಣೆ ನನ್ನದು, ರೊಟ್ಟಿ ನನ್ನದು, ಕೂಸನ್ನು ಹತ್ತು ಸಲ ಕಳೆದರೂ ಕಂಕುಳು ನನ್ನದು. ತಮಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ. ತಾವು ಕೂಗಿ ಮುಗಿಸುವವರೆಗೆ ವಾಡಿಯ ಗಾಡಿಯನ್ನು ನಿಲ್ಲಿಸಬೇಕೆಂದು ಎಂಜಿನ್ನಿಗೇ ಪ್ರತ್ಯೇಕ ಅರ್ಜಿ ಬರೆಯುತ್ತೇನೆ. ಒಂದೇ ಷರತ್ತು: ರವಿವಾರದ ಒಳಗೆ ಬರಬೇಕು, ಯಾರೂ ಕರೆತರದೆ, ತಾವಾಗಿಯೇ ಬರಬೇಕು.

ಎರಡನೆಯ ಸಲಕ್ಕೆ ಕಾದಿರುವ,
ತಮ್ಮ ವಿಶ್ವಾಸಿ,
ನಾಗೇಂದ್ರಪ್ಪ

ತಾ.ಕ.: ಇದನ್ನು ಸೋಮವಾರ ಸೇರಿಸಿ ಬರೆಯುತ್ತಿದ್ದೇನೆ. ನಿನ್ನೆ, ನೀಲಾಬಾಯಿಯ ಗಾಡಿ ತಪ್ಪದಿರಲೆಂದು ಹಗಲಾಟ ಇಟ್ಟಿದ್ದೆವು. ಅವಳು ಪದ ಹಾಡಿದಳು, ತಾವು ಬರಲಿಲ್ಲ. ಕೊನೆಗೆ ನಾನು ರಂಗದ ಮುಂದೆ ಬಂದು, ಕತ್ತಿ ಕೆಳಗಿಟ್ಟು, ನನ್ನ ದುರಾಸೆಯಿಂದ ನೀಲಾಬಾಯಿ ಹೊರಟಳೆಂದೂ, ಮಂಡಳಿ ಮುಳುಗಿತೆಂದೂ, ಇದೇ ಕಡೆಯ ಆಟವೆಂದೂ ಎದೆ ಬಡಿದುಕೊಂಡು ಸಾರಿದೆ. ಆಗ ಮಜೀದಸಾಬ, ಬಿಡಿಗಾಸು ಪಡೆಯದೆ, ಕಂಬ ನಡುಗುವಂತೆ ಕೂಗಿದ: "ವನ್ಸ್ ಮೋರ್!" ಇಡೀ ಡೇರೆ ಎದ್ದು ಕೂಗಿತು. ನನ್ನ ಸರ್ವನಾಶವನ್ನು ನಾನು ಮೂರು ಸಲ ಸಾರಬೇಕಾಯಿತು, ಮೂರನೆಯ ಸಲ ಹಾರ್ಮೋನಿಯಂ ಸಮೇತ. ಪರದೆಯ ಹಿಂದೆ ನೀಲಾಬಾಯಿ ನಕ್ಕು ನಕ್ಕು ನಿಲ್ಲಲಾರದೆ ಟ್ರಂಕಿನ ಮೇಲೆ ಕುಸಿದು ಕುಳಿತಳು, ಅಷ್ಟರಲ್ಲಿ ಗಾಡಿ ಸೀಟಿ ಹಾಕಿ ಹೊರಟುಹೋಯಿತು. "ಗಾಡಿ ಹ್ಯಾಂಗೂ ಹೋತು" ಎಂದು ಕಣ್ಣೊರೆಸಿಕೊಂಡು ಹೊರಗೆ ಬಂದು ಆ ಪದವನ್ನು ಮತ್ತೆ ಹಾಡಿದಳು. ಎಷ್ಟು ಸಲವೆಂದು ತಮಗೇ ಗೊತ್ತು. ಟ್ರಂಕಿನ ಹಗ್ಗ ಈಗ ಶರಣಬಸಮ್ಮನ ಬಟ್ಟೆ ಒಣಗಿಸಲು ಕಟ್ಟಿದೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಏನೆನ್ನುತ್ತಾರೋ ಎಂದು ಶೌಕತ ಅಲಿಯವರನ್ನು ಕೇಳಿಲ್ಲ. ಅವರು ಹೇಳಿದರೆ, ಅದಕ್ಕೂ ಒಂದು ಫಲಕ ಬರೆಸುವ ಬುದ್ಧಿ ನನಗೆ ಬಂದೀತು.