ಷಡ್ಡಕನ ಎಣ್ಣೆ ಕಾಯುವುದಿಲ್ಲ

ಹೊಟ್ಟೆಕಿಚ್ಚಿನ ಮನುಷ್ಯನಿಗೆ ಪ್ರಸಂಗಗಳಿಗೆ ಕೊರತೆಯಿಲ್ಲ. ತಾವಾಗಿ ಬಾರದಿದ್ದರೆ ಅವನೇ ಹೋಗಿ ಎಳೆದುಕೊಂಡು ಬರುತ್ತಾನೆ. ಎಂಬತ್ತರ ದಶಕದ ಮೊದಲ ಕೆಲವು ವರ್ಷ ನಾನು ಮಾಡಿದ್ದು ಅದೇ ಕೆಲಸ. ಕಾರಣ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ನನಗೆ ಪೀಣ್ಯದಲ್ಲಿ ಎರಡು ಲೇತ್ ಇರುವ ಒಂದು ಶೆಡ್ಡು. ಅವನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸ, ಕಾಲೊನಿಯಲ್ಲಿ ಕ್ವಾರ್ಟರ್ಸು, ಬೆಳಿಗ್ಗೆ ಎದ್ದರೆ ಕರೆದುಕೊಂಡು ಹೋಗಲು ಕಾರ್ಖಾನೆಯ ಬಸ್ಸು. ಇಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ನಾನು ರೇಸಿಗೆಂದು ಒಂದು ಹಳೇ ಕಾರು ಕೊಂಡ ಸ್ವಲ್ಪ ದಿನಕ್ಕೆ ಅವನೂ ಅದೇ ಮಾಡೆಲ್ ಕೊಂಡ. ನನ್ನದು ಬೂದು ಬಣ್ಣ, ಅವನದು ಕೆಂಪು. ಅದನ್ನು ನುಂಗಲು ಆಗಲಿಲ್ಲ.

ಆಗ ಊರಾಚೆ, ಬಳಸದೆ ಬಿದ್ದಿದ್ದ ವಿಮಾನದ ಓಡುದಾರಿಯಲ್ಲಿ ಕೆಲವು ಭಾನುವಾರ ಕಾರ್ ರೇಸು ನಡೆಯುತ್ತಿತ್ತು. ಹಳೇ ಕಾರನ್ನು ಜೋರಾಗಿ ಓಡಿಸಿದರೆ ಎಂಜಿನ್ ಆಯಿಲ್ ಕಾದು ನೀರಿನ ಹಾಗಾಗುತ್ತದೆ. ಅಂಥ ಎಣ್ಣೆ ಬೇರಿಂಗನ್ನು ಕಾಪಾಡುವುದಿಲ್ಲ, ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಅದಕ್ಕೇ ಎಣ್ಣೆಯ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ ಬಂದರೆ ವೇಗ ಇಳಿಸಲೇಬೇಕು. ನನ್ನ ಮುಳ್ಳು ಅರ್ಧ ರೇಸಿಗೇ ಕೆಂಪಿಗೆ ಬರುತ್ತಿತ್ತು. ಷಡ್ಡಕನದು ಬರುತ್ತಲೇ ಇರಲಿಲ್ಲ. ನಾನು ಕಾರನ್ನು ತೆವಳಿಸಿಕೊಂಡು ಹೋಗುವಾಗ ಅವನು ಪಕ್ಕದಲ್ಲೇ ದಾಟಿ ಹೋಗುತ್ತಾ ಕೈ ಬೀಸುತ್ತಿದ್ದ. ಆ ಕೈ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೇಸು ಗೆಲ್ಲುವ ಆಸೆ ನನಗೆ ಇರಲೇ ಇಲ್ಲ. ಒಂದೇ ಒಂದು ಸಲ ಷಡ್ಡಕನಿಗಿಂತ ಮುಂಚೆ ರೇಸಿನ ಕೊನೆಯ ಗೆರೆ ದಾಟಬೇಕು, ಅದನ್ನು ನಮ್ಮತ್ತೆ ಕಣ್ಣಾರೆ ನೋಡಬೇಕು, ಅಷ್ಟೇ. ಅತ್ತೆಯ ಮನೆ ನಮ್ಮ ಹಿಂದಿನ ರಸ್ತೆಯಲ್ಲೇ ಇತ್ತು. ಚಿಕ್ಕಳಿಯ ಈ ಸಲವೂ ಮುಂದೆ ಬಂದರಂತೆ ಎಂಬ ಸುದ್ದಿಯನ್ನು ಸೋಮವಾರ ಕಾಫಿಯ ಜೊತೆ ನನಗೆ ಕೊಡುತ್ತಿದ್ದವರು ಅವರೇ. ಕಾಫಿಗೆ ಸಕ್ಕರೆ ಕಮ್ಮಿಯಾಗಿರುತ್ತಿತ್ತು ಎನ್ನುವುದು ನನ್ನ ಬಲವಾದ ನಂಬಿಕೆ.

ಹರಳೆಣ್ಣೆ

ಒಂದು ಸಂಜೆ ಅತ್ತೆಯ ಮನೆಗೆ ಹೋದಾಗ ಷಡ್ಡಕ ಹೊರಗೆ ಬರುತ್ತಿದ್ದ. ಕೈಯಲ್ಲಿ ಹರಳೆಣ್ಣೆಯ ಸೀಸೆ. ನನ್ನನ್ನು ಕಂಡವನೇ ಅದನ್ನು ಬ್ಯಾಗಿನೊಳಗೆ ತುರುಕಿದ. ನನಗೆ ಅಷ್ಟೇ ಸಾಕಾಯಿತು. ಹರಳೆಣ್ಣೆ ತಂಪು ಎಂದು ನೆತ್ತಿಗೆ ತಟ್ಟಿಸಿಕೊಂಡೇ ಬೆಳೆದವನು ನಾನು. ಜೊತೆಗೆ ಹಿಂದಿನ ಕಾಲದ ವಿದೇಶಿ ರೇಸಿನವರು ಎಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರೆಂದು ಎಲ್ಲೋ ಕೇಳಿದ್ದೆ. ಕಳ್ಳ ಸಿಕ್ಕಿಬಿದ್ದ ಎಂದು ಖುಷಿಯಾಯಿತು.

ಮಾರನೇ ದಿನವೇ ಗಾಣದಿಂದ ಎರಡು ಲೀಟರ್ ತಂದು ಎಂಜಿನ್ನಿನಲ್ಲಿದ್ದ ಎಣ್ಣೆಯ ಜೊತೆಗೇ ಸುರಿದೆ. ಆ ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ ಎಂದು ನನಗೆ ತಿಳಿದದ್ದು ತುಮಕೂರು ರಸ್ತೆಯಲ್ಲಿ, ಮಾಕಳಿ ಹತ್ತಿರ. ಎಣ್ಣೆ ಗಂಜಿಯಾಗಿ ಕಾರು ನಿಂತುಬಿಟ್ಟಿತು. ಬಾನೆಟ್ ಎತ್ತಿದರೆ ಹೊಗೆಯ ಜೊತೆ ದೀಪಾವಳಿ ಬೆಳಗಿನ ವಾಸನೆ. ಒಬ್ಬ ಲಾರಿಯವನು ನಿಲ್ಲಿಸಿ, ಮೂಗು ಮೇಲೆ ಮಾಡಿ, "ಯಾರ್ ಸಾರ್ ಇಲ್ಲಿ ಎಣ್ಣೆಸ್ನಾನ ಮಾಡ್ತಿರೋದು?" ಅಂದ.

ಎಂಜಿನ್ ಬಿಚ್ಚಿ ಸೌಟಿನಲ್ಲಿ ಎಣ್ಣೆ ಬಾಚಿ ತೆಗೆಯಬೇಕಾಯಿತು. ಆಮೇಲೆ ತಡೆಯಲಾರದೆ ಷಡ್ಡಕನನ್ನು ಕೇಳಿಯೇಬಿಟ್ಟೆ, ಆವತ್ತು ಹರಳೆಣ್ಣೆ ಯಾತಕ್ಕೆ ತಗೊಂಡು ಹೋದೆ ಅಂತ. ಅವನು ಸಂಕೋಚ ಪಟ್ಟುಕೊಂಡ.

"ಮಗೂಗೆ ಹೊಟ್ಟೆ ಕಟ್ಕೊಂಡಿತ್ತು ಅಣ್ಣ. ಒಂದೇ ಚಮಚ ಹಾಕಿದ್ದು, ಸರಾಗವಾಯ್ತು."

ಅವನ ಮಗುವಿಗೆ ಒಂದು ಚಮಚಕ್ಕೇ ಸರಾಗವಾಯಿತು. ನನ್ನ ಎಂಜಿನ್ನು ಎರಡು ಲೀಟರ್ ಕುಡಿದು ಕಟ್ಟಿಕೊಂಡು ಕೂತಿತ್ತು.

ಬಿಳಿ ಪಂಚೆ

ಮಾವನವರ ಅರವತ್ತರ ಶಾಂತಿಯ ದಿನ. ಊಟವಾಗಿ ಎಲ್ಲರೂ ಸಿಕ್ಕಲ್ಲಿ ಉರುಳಿಕೊಂಡಿದ್ದರು. ಹೊರಗೆ ಹೊಂಗೆ ಮರದ ಕೆಳಗೆ ಷಡ್ಡಕನ ಕೆಂಪು ಕಾರು ಒಂಟಿಯಾಗಿ ನಿಂತಿತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು, ಮಾವನವರೇ ಉಡುಗೊರೆ ಕೊಟ್ಟ ಹೊಸ ಪಂಚೆಯಲ್ಲೇ ಅಂಗಾತ ಮಲಗಿ ಕಾರಿನ ಕೆಳಗೆ ನುಸುಳಿದೆ.

ಎಂಜಿನ್ನಿನಿಂದ ಒಂದು ಪೈಪು ಹಿಂದಕ್ಕೆ ಹೋಗಿತ್ತು. ನನ್ನ ಕಾರಿನಲ್ಲಿ ಅಂಥ ಪೈಪೇ ಇಲ್ಲ. ಅದು ಎಲ್ಲಿಗೆ ಹೋಗುತ್ತದೆಂದು ಕೈಯಲ್ಲಿ ಸವರುತ್ತಾ ಹೋಗುವಷ್ಟರಲ್ಲಿ ಪಕ್ಕದಲ್ಲಿ ಎರಡು ಕಾಲು, ರೇಷ್ಮೆ ಸೀರೆಯ ಅಂಚು. ಅತ್ತೆ ವೀಳ್ಯದ ತಟ್ಟೆ ಹಿಡಿದು ಬಗ್ಗಿ ನೋಡುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಉಂಗುರ ಬಿದ್ದುಹೋಯಿತು ಅಂದುಬಿಟ್ಟೆ.

ಅಳಿಯನ ಉಂಗುರವೆಂದರೆ ಸುಮ್ಮನೆಯೇ? ಮನೆಗೆ ಮನೆಯೇ ಎದ್ದು ಬಂತು. ಚಿಕ್ಕಜ್ಜಿಯೊಬ್ಬರು ಜರಡಿ ತಂದು ಮಣ್ಣು ಜರಡಿ ಹಿಡಿದರು. ಉಂಗುರವಿದ್ದ ಕೈಯನ್ನು ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು ನಾನೂ ಹುಡುಕಿದೆ. ಎಲ್ಲರಿಗೂ ಅನುಕೂಲವಾಗಲೆಂದು ಷಡ್ಡಕ ಕಾರನ್ನೇ ತೆಗೆದು ಅತ್ತ ನಿಲ್ಲಿಸಿದ. ಪೈಪೂ ಅದರ ಜೊತೆ ಹೊರಟುಹೋಯಿತು. ಕೊನೆಗೆ ನಾನೇ ಹುಲ್ಲಿನಲ್ಲಿ ಉಂಗುರ ಸಿಕ್ಕಿದಂತೆ ಮಾಡಿ ಎಲ್ಲರ ಬೆವರು ಒರೆಸಬೇಕಾಯಿತು.

ಷಡ್ಡಕ ಹಿಂದಿನಿಂದ ನನ್ನ ಪಂಚೆಯನ್ನು ನೋಡುತ್ತಾ ನಿಂತಿದ್ದ. ಸೊಂಟದಿಂದ ಹಿಮ್ಮಡಿಯವರೆಗೆ ಕಪ್ಪು ಗ್ರೀಸು.

"ಅಣ್ಣ, ನನ್ ಗಾಡಿ ಕೆಳಗಡೆ ಇಷ್ಟು ಕ್ಲೀನಾಗಿ ಯಾವತ್ತೂ ಇರ್ಲಿಲ್ಲ," ಅಂದ.

ಆಯುಧಪೂಜೆ

ಕದಿಯುವುದು ಆಗದ ಮೇಲೆ ಸ್ವಂತವಾಗಿಯೇ ಮಾಡೋಣವೆಂದುಕೊಂಡೆ. ತಾಮ್ರದ ಪೈಪನ್ನು ಹಾವಿನಂತೆ ಬಗ್ಗಿಸಿ, ಅದಕ್ಕೆ ತಗಡಿನ ಪಟ್ಟಿ ಬೆಸೆದು, ಕಾರಿನ ಮೂತಿಯಲ್ಲಿ ಗಾಳಿ ಬಡಿಯುವ ಕಡೆ ಕೂರಿಸಿದೆ. ಕಾದ ಎಣ್ಣೆ ಅದರೊಳಗೆ ಸುತ್ತಿ ತಣ್ಣಗಾಗಿ ಎಂಜಿನ್ನಿಗೆ ವಾಪಸ್ಸು ಬರಬೇಕು. ಬಂತು. ಎಷ್ಟು ತುಳಿದರೂ ಮುಳ್ಳು ಕೆಂಪಿನ ಹತ್ತಿರ ಸುಳಿಯಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಒಬ್ಬನೇ ಕುಣಿದೆ.

ಆಯುಧಪೂಜೆಗೆ ಷಡ್ಡಕನನ್ನು ಬೇಕೆಂದೇ ಕರೆದೆ. ನನ್ನ ಹೆಂಡತಿ ಹೊಸ ಸಾಮಾನೆಂಬ ಪ್ರೀತಿಯಿಂದ ಪೈಪಿನ ಒಂದೊಂದು ಸಂದಿಗೂ ಅರಿಶಿನ ಕುಂಕುಮ ಕಲಸಿ ಮೆತ್ತಿದ್ದಳು. ಶೆಡ್ಡಿನವರು ಅದರ ಮೇಲೆ ಮೂರು ಸುತ್ತು ಚೆಂಡುಹೂವಿನ ಹಾರ ಹಾಕಿ, ಎರಡೂ ಕಡೆ ಬಾಳೆಕಂದು ಕಟ್ಟಿದ್ದರು. ಗಾಡಿ ಮದುವೆ ಚಪ್ಪರದಂತೆ ಕಾಣುತ್ತಿತ್ತು. ನನಗೆ ಅವನ ಮುಖ ನೋಡುವ ಆತುರ. ಪಕ್ಕದಲ್ಲಿ ಕೂರಿಸಿಕೊಂಡು, ಮೀಟರ್ ನೋಡ್ತಾ ಇರು ಎಂದು ಹೇಳಿ, ಹೊರಟೆ.

ಇನ್ನೂ ದೊಡ್ಡ ರಸ್ತೆ ಸಿಕ್ಕಿರಲಿಲ್ಲ, ಮುಳ್ಳು ಏರತೊಡಗಿತು. ತುಳಿದಷ್ಟೂ ಏರಿತು. ಚೆಂಡುಹೂವು ಬೇಯುವ ವಾಸನೆ ಕಾರಿನೊಳಗೆ ತುಂಬಿತು. ಷಡ್ಡಕ ಬಹಳ ಗೌರವದಿಂದ ಹೇಳಿದ: "ದೇವರಿಗೇನೋ ತೃಪ್ತಿ ಆಗಿರುತ್ತೆ ಅಣ್ಣ. ಗಾಳಿಗೇ ಒಳಗೆ ಬರೋಕೆ ಜಾಗ ಇಲ್ಲ."

ಅವನ ಕಾರಿಗೂ ಆವತ್ತೇ ಪೂಜೆಯಾಗಿತ್ತು. ಅಷ್ಟೇ ಹೂವು, ಅಷ್ಟೇ ಕುಂಕುಮ. ಅದು ಮಾತ್ರ ತಣ್ಣಗೆ ಬಂದಿತ್ತು, ತಣ್ಣಗೇ ಹೋಯಿತು. ನಮ್ಮ ದೇವರೂ ಪರ್ಮನೆಂಟ್ ನೌಕರರ ಕಡೆಯೇ ಎಂದು ಹೆಂಡತಿಗೆ ಹೇಳಿದೆ. ಆ ರಾತ್ರಿ ಅವಳು ನನಗೆ ಹೋಳಿಗೆ ಬಡಿಸಲಿಲ್ಲ.

ಅತ್ತೆ ನೋಡಿದ್ದು

ಮುಂದಿನ ಬೇಸಿಗೆಯ ರೇಸಿಗೆ ಪೈಪನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದೆ, ಅತ್ತೆಯನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ. ಗೆರೆಯ ಎದುರಿಗೇ ಅವರಿಗೊಂದು ಕುರ್ಚಿ ಹಾಕಿಸಿ, ಕೈಗೆ ಛತ್ರಿ ಕೊಟ್ಟು, ಪಕ್ಕದಲ್ಲಿ ನೀರಿನ ಕೂಜಾ ಇಟ್ಟು, "ಕೊನೆಗೆ ಯಾರು ಮೊದಲು ಬರ್ತಾರೆ, ಅದೊಂದು ನೋಡಿ ಅತ್ತೆ, ಸಾಕು" ಎಂದೆ.

ಬಿಸಿಲು ಹಂಚು ಕಾದ ಹಾಗಿತ್ತು. ಶುರುವಿನಿಂದಲೇ ಕೆಂಪು ಕಾರು ಮುಂದೆ, ನಾನು ಹಿಂದೆ. ಆದರೆ ಅರ್ಧ ರೇಸು ಕಳೆದರೂ ನನ್ನ ಮುಳ್ಳು ಅಲ್ಲಾಡಲಿಲ್ಲ. ಕಾಲು ಎತ್ತಲಿಲ್ಲ. ಕೊನೆಯ ಸುತ್ತಿನಲ್ಲಿ ಗೆರೆಗೆ ಸ್ವಲ್ಪ ಮುಂಚೆ ನೋಡಿದರೆ ಕೆಂಪು ಕಾರು ಪಕ್ಕದಲ್ಲಿ ನಿಂತಿದೆ, ಬಾಗಿಲು ತೆರೆದಿದೆ. ಎಂಜಿನ್ನು ಚೆನ್ನಾಗಿಯೇ ಓಡುತ್ತಿದೆ. ಷಡ್ಡಕ ಮಾತ್ರ ಷರ್ಟು ಬಿಚ್ಚಿ ಎಸೆದು ಹುಲ್ಲಿನ ಮೇಲೆ ಬೋರಲು ಬಿದ್ದಿದ್ದಾನೆ. ಅವನು ಕೈ ಆಡಿಸುತ್ತಿದ್ದ, ಅಂದರೆ ಜೀವಕ್ಕೇನೂ ಆಗಿಲ್ಲ. ಅಷ್ಟು ಖಾತ್ರಿ ಮಾಡಿಕೊಂಡು ನಾನೂ ಕೈ ಬೀಸಿ ಮುಂದೆ ಹೋದೆ. ಗೆರೆ ದಾಟಿದೆ. ಕೊನೆಯಿಂದ ಎರಡನೆಯವನು, ಆದರೂ ಅವನಿಗಿಂತ ಮುಂದೆ. ಕಣ್ಣಲ್ಲಿ ನೀರು ಬಂತು.

ಇಳಿದು ನೋಡಿದರೆ ಕುರ್ಚಿ ಖಾಲಿ. ಅತ್ತೆ ಅಷ್ಟು ದೂರದಲ್ಲಿ, ಹುಲ್ಲಿನ ಮೇಲೆ ಕೂತು, ಕೂಜಾದ ನೀರನ್ನು ಷಡ್ಡಕನ ತಲೆಗೆ ಹಾಕುತ್ತಿದ್ದರು. ಓಡಿದೆ. ಕಾರಿನೊಳಗೆ ಇಣುಕಿದಾಗ ಗುಟ್ಟು ಸಿಕ್ಕಿತು. ಟೂಲ್ಸು ಎಂದು ಹೇಳಿ ಅವನು ಸದಾ ಕಂಬಳಿ ಹೊದಿಸಿಡುತ್ತಿದ್ದ ಹಿಂದಿನ ಸೀಟಿನ ಜಾಗದಲ್ಲಿ ಎಣ್ಣೆ ತಣಿಸುವ ಪೈಪಿನ ದೊಡ್ಡ ಜಾಲರಿ, ಅದರ ಹಿಂದೊಂದು ಫ್ಯಾನು. ಎಂಜಿನ್ನಿನ ಬಿಸಿಯೆಲ್ಲ ನೇರವಾಗಿ ಓಡಿಸುವವನ ಬೆನ್ನಿಗೆ. ಇಷ್ಟು ವರ್ಷವೂ ಎಣ್ಣೆ ತಣ್ಣಗಿತ್ತು, ಷಡ್ಡಕ ಬೇಯುತ್ತಿದ್ದ.

ಇದನ್ನು ಎಲ್ಲರ ಹಾಗೆ ಮುಂದೆ ಇಡಬಾರದಿತ್ತೇ ಎಂದು ಕೇಳಿದೆ.

"ಮುಂದೆ ಇಟ್ಟಿದ್ರೆ ನೀವು ನೋಡ್ಬಿಡ್ತಿದ್ರಲ್ಲ ಅಣ್ಣ," ಅಂದ.

ನನ್ನ ಹೊಟ್ಟೆಕಿಚ್ಚಿಗೆ ಇಷ್ಟು ಮರ್ಯಾದೆ ಕೊಟ್ಟವರು ಬೇರೆ ಯಾರೂ ಇಲ್ಲ. ಎದೆ ಉಬ್ಬಿತು. ಆ ಹುರುಪಿನಲ್ಲೇ ಅತ್ತೆಯನ್ನು ಕೇಳಿದೆ, ನಾನು ಗೆರೆ ದಾಟಿದ್ದು ನೋಡಿದಿರಾ ಅಂತ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವೂ ಓಡಿಸಿದ್ರಾ? ಮೈಮೇಲೆ ಒಂದ್ ತೊಟ್ಟು ಬೆವರಿಲ್ವಲ್ಲ. ಪಾಪ, ಇವ್ರನ್ನ ನೋಡಿ, ಎಷ್ಟು ಕಷ್ಟ ಬಿದ್ದಿದಾರೆ. ಸುಮ್ನೆ ನಿಂತಿದೀರಲ್ಲ, ಸ್ವಲ್ಪ ಗಾಳಿ ಬೀಸಿ."

ಹೇಳಿ, ಮಡಿಸಿದ ಒಂದು ನ್ಯೂಸ್‌ಪೇಪರನ್ನು ನನ್ನ ಕೈಗೆ ಕೊಟ್ಟರು. ಬೀಸಿದೆ. ಇನ್ನೇನು ಮಾಡಲಿ? ಷಡ್ಡಕ ಕಣ್ಣು ಮುಚ್ಚಿಕೊಂಡು, ಮಗ್ಗುಲು ಬದಲಿಸಿ, ಸಣ್ಣ ದನಿಯಲ್ಲಿ ಹೇಳಿದ:

"ಇನ್ನೂ ಸ್ವಲ್ಪ ಕೆಳಗೆ ಅಣ್ಣ. ಬೆನ್ನಿಗೆ."