ಮುನ್ನೂರನೆಯ ದಿನದ ಮುಖ

ಎಲ್ಲಕ್ಕೂ ಕಾರಣ ಒಂದು ಹಲ್ಲು. ಅದೂ ಎದುರಿಗೆ ಕಾಣುವ ಹಲ್ಲಲ್ಲ; ಎಡಗಡೆ ಕೆಳಸಾಲಿನ ತುದಿಯಲ್ಲಿ, ಯಾರ ಸುದ್ದಿಗೂ ಹೋಗದೆ ಮೂಲೆ ಹಿಡಿದು ಕೂತಿದ್ದ ದವಡೆ ಹಲ್ಲು. ಮೂರು ದಿನ ಸಣ್ಣಗೆ ಮಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಪೈಪಣ್ಣ ಕನ್ನಡಿ ನೋಡಿದರೆ, ಕೆನ್ನೆಯೊಳಗೆ ಯಾರೋ ಬನ್ನು ಇಟ್ಟು ಮರೆತು ಹೋದ ಹಾಗಿತ್ತು. ಎಡಗಣ್ಣು ಅರ್ಧ ಮುಚ್ಚಿತ್ತು. ಬಾಯಿ ಒಂದು ಕಡೆಗೆ ಸರಿದು, ಯಾವುದೋ ಹಳೇ ಜಗಳದ ಸಿಟ್ಟು ಇನ್ನೂ ಇಳಿಯದವನಂತೆ ಕಾಣುತ್ತಿದ್ದ.

ನಿಜಕ್ಕೂ ಅವನಿಗೂ ಸಿಟ್ಟಿಗೂ ದೂರ. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ. ಹತ್ತೊಂಬತ್ತು ವರ್ಷದಿಂದ ನೀರಿನ ಪೈಪು ಹಿಡಿದು ಹಿಡಿದು ಪೈಪಣ್ಣ ಅನ್ನುವುದೇ ಹೆಸರಾಗಿಬಿಟ್ಟಿತ್ತು. ಸೀಟಿನ ಸಂದಿಯಲ್ಲಿ ಮಕ್ಕಳ ಒಂಟಿ ಚಪ್ಪಲಿ ಸಿಕ್ಕಿದರೆ ಅದನ್ನೂ ತೊಳೆದು, ಒಣಗಿಸಿ, ಕಿಟಕಿಯ ಮೇಲೆ ಸಾಲಾಗಿ ಇಡುವ ಮನುಷ್ಯ.

"ಇವತ್ತೊಂದು ದಿನ ಮಲಗ್ರಿ," ಅಂದಳು ಹೆಂಡತಿ.

"ಮಲಗೋ ದಿನಾನೇನೇ ಇದು? ಇವತ್ತು ಮುನ್ನೂರು!"

ಸರ್ಕಾರ ಹೊಸ ನಿಯಮ ತಂದಿತ್ತು. ದಿನಗೂಲಿಯವರು ವಾರದ ರಜೆ ಬಿಟ್ಟು, ಒಂದು ದಿನವೂ ತಪ್ಪದೆ ಮುನ್ನೂರು ದಿನ ಯಂತ್ರದ ಮುಂದೆ ಮುಖ ತೋರಿಸಿದರೆ ಕೆಲಸ ಕಾಯಂ. ನಡುವೆ ಒಂದು ದಿನ ತಪ್ಪಿದರೂ ಎಣಿಕೆ ಮತ್ತೆ ಮೊದಲಿಂದ. ಕಾಯಂ ಆದವರಿಗೆ ಡಿಪೋ ಹಿಂದಿನ ಸಾಲುಮನೆಗಳಲ್ಲಿ ನೆಲಮಟ್ಟದ ಒಂದು ಮನೆ. ಪೈಪಣ್ಣನಿಗೆ ಬೇಕಾಗಿದ್ದದ್ದು ಆ ನೆಲಮಟ್ಟ. ಈಗ ಇರುವುದು ನಾಲ್ಕನೇ ಮಹಡಿಯಲ್ಲಿ, ಅರವತ್ತೆಂಟು ಮೆಟ್ಟಿಲು ಮೇಲೆ. ಹೆಂಡತಿಯ ಮೊಣಕಾಲು ಕೈಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಆಕೆ ಬೀದಿಗೆ ಇಳಿದಿಲ್ಲ. ಕಿಟಕಿಯಲ್ಲಿ ಕೂತು ಕೆಳಗೆ ಓಡಾಡುವವರನ್ನೆಲ್ಲ ನೆತ್ತಿಯಿಂದಲೇ ಗುರುತು ಹಿಡಿಯುತ್ತಿದ್ದಳು. "ಪೋಸ್ಟಿನವನಿಗೆ ಪಾಪ, ನಡುನೆತ್ತಿ ಬೋಳಾಗ್ತಾ ಇದೆ," ಅನ್ನುವಳು. ಪೋಸ್ಟಿನವನಿಗೇ ಅದು ಇನ್ನೂ ಗೊತ್ತಿರಲಿಲ್ಲ.

ಆಕೆ ಅವನ ಕೆನ್ನೆಗೆ ಲವಂಗದೆಣ್ಣೆ ಹಚ್ಚಿ ಕಳಿಸಿಕೊಟ್ಟಳು.

ಯಂತ್ರ ಇದ್ದದ್ದು ಡಿಪೋದ ಗೇಟಿನ ಪಕ್ಕದ ಕಂಬದಲ್ಲಿ, ಊಟದ ತಟ್ಟೆಯಷ್ಟಗಲ. ಹಿಂದೆ ಅಲ್ಲಿ ಒಬ್ಬ ಗುಮಾಸ್ತ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ. ನಮಸ್ಕಾರ ಸ್ವಲ್ಪ ಸಣ್ಣದಾದರೂ ಗೈರುಹಾಜರಿ ಗೀಚುವವನು. ಯಂತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಪೈಪಣ್ಣನೇ. "ಇದಕ್ಕೆ ನೆಂಟ್ರಿಲ್ಲ, ಇಷ್ಟ್ರಿಲ್ಲ. ಎಲ್ರನ್ನೂ ಒಂದೇ ಥರ ನೋಡುತ್ತೆ," ಅಂದಿದ್ದ. "ದೊಡ್ಡ ಸಾಹೇಬರನ್ನ?" ಎಂದು ಡ್ರೈವರೊಬ್ಬ ಕೇಳಿದ್ದಕ್ಕೆ, "ಅವರ ಮುಖ ಎಲ್ಲರಿಗೂ ಗೊತ್ತಲ್ಲ, ಅವರು ತೋರಿಸ್ಬೇಕಾಗಿಲ್ಲ," ಎಂದು ಆಫೀಸಿನಿಂದ ಉತ್ತರ ಬಂದಿತ್ತು.

ಈಗ ಅವನು ಯಂತ್ರದ ಮುಂದೆ ನಿಂತ. ಒಳಗಿಂದ ಹೆಣ್ಣುದನಿಯೊಂದು ಜೇನು ಸುರಿದ ಹಾಗೆ ಹೇಳಿತು: "ಕ್ಷಮಿಸಿ. ಗುರುತು ಸಿಗಲಿಲ್ಲ. ದಯವಿಟ್ಟು ಸರಿಯಾದ ವ್ಯಕ್ತಿಯನ್ನು ಕಳುಹಿಸಿ."

"ನಾನೇ ಕಣಮ್ಮ," ಅಂದ ಪೈಪಣ್ಣ.

"ಕ್ಷಮಿಸಿ," ಅಂದಿತು ಯಂತ್ರ.

ಯಂತ್ರದ ಉಸ್ತುವಾರಿ ಹಾಜರಿ ಅಕ್ಕನದು. ಚಿಕ್ಕ ವಯಸ್ಸಿನ, ದೊಡ್ಡ ಕನ್ನಡಕದ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಒದ್ದಾಡುವ ಹೆಣ್ಣು. ಪೈಪಣ್ಣನನ್ನು ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು, ಕೆನ್ನೆಗೆ ಕೈ ಅಡ್ಡ ಹಿಡಿಸಿದಳು. ಹನ್ನೊಂದು ಸಲ ನೋಡಿತು ಯಂತ್ರ. ಹನ್ನೊಂದು ಸಲವೂ ಕ್ಷಮೆ ಕೇಳಿತು.

"ಪುಸ್ತಕದಲ್ಲಿ ಬರ್ಕೊಳ್ಳಮ್ಮ," ಅಂದ.

"ಪುಸ್ತಕಾನೇ ಇಲ್ವಲ್ಲ ಅಣ್ಣ. ತಗೊಂಡು ಹೋಗಿ ತೂಕಕ್ಕೆ ಹಾಕಿದ್ರು."

ಅಷ್ಟರಲ್ಲಿ ಟೈರ್ ಭಾವ ಬಂದ. ಡಿಪೋದಲ್ಲಿ ಚಕ್ರಗಳಿಗೆ ಗಾಳಿ ತುಂಬುವವನು; ಪೈಪಣ್ಣನ ಹೆಂಡತಿಯ ಅಣ್ಣ. ತಂಗಿಗೆ ಕೆಳಗಿನ ಮನೆ ಸಿಗಲಿ ಎಂದು ಅವನೂ ದಿನ ಎಣಿಸುತ್ತಿದ್ದ. ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಪೈಪಣ್ಣ ಕೂಗಿಕೊಂಡ.

"ಒಂದ್ಕಡೆ ಗಾಳಿ ಜಾಸ್ತಿ ಆಗಿದೆ, ಅಷ್ಟೇ," ಅಂದ ಭಾವ. "ಇಂಥದ್ದು ದಿನಾ ನೋಡ್ತೀನಿ ನಾನು. ಇನ್ನೊಂದ್ಕಡೆಗೂ ಅಷ್ಟೇ ತುಂಬಿದ್ರೆ ಗಾಡಿ ನೆಟ್ಟಗಾಗುತ್ತೆ."

ಬೇಡ ಅನ್ನುವುದಕ್ಕೆ ಬಾಯಿ ತೆರೆದದ್ದೇ ತಪ್ಪಾಯಿತು. ಭಾವ ಒಂದು ಒರೆಸುವ ಬಟ್ಟೆಯನ್ನು ಮಡಚಿ ಬಲಗೆನ್ನೆಯೊಳಗೆ ತುರುಕಿಯೇಬಿಟ್ಟ. ಈಗ ಎರಡು ಕಡೆಯೂ ಸಮ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಹೇಳಿತು: "ದಯವಿಟ್ಟು ಒಬ್ಬೊಬ್ಬರಾಗಿ ನಿಲ್ಲಿ."

ಹಾಜರಿ ಅಕ್ಕ ಗಡಿಯಾರ ನೋಡಿ, "ಅಣ್ಣ, ಸಂಜೆ ಐದರವರೆಗೂ ಹೊತ್ತಿದೆ. ಅಷ್ಟರೊಳಗೆ ಒಂದ್ಸಲ ಗುರುತು ಸಿಕ್ರೆ ಸಾಕು, ಇವತ್ತಿನ ದಿನ ಲೆಕ್ಕಕ್ಕೆ ಬರುತ್ತೆ. ನೀವು ಊತ ಇಳಿಸ್ಕೊಂಡು ಬನ್ನಿ. ನಾನೂ ಮೇಲಿನವರಿಗೆ ಫೋನ್ ಮಾಡಿ ಏನಾದ್ರೂ ದಾರಿ ಇದ್ಯಾ ಕೇಳ್ತೀನಿ," ಅಂದಳು.

ಭಾವ ತನಗೆ ಆ ದಿನ ರಜೆ ಬರೆದುಕೊಟ್ಟು ಪೈಪಣ್ಣನನ್ನು ಸರ್ಕಾರಿ ಹಲ್ಲಾಸ್ಪತ್ರೆಗೆ ಎಳೆದುಕೊಂಡು ಹೋದ. ಅಲ್ಲಿ ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲಿ ಇನ್ನೊಂದು ಕಂಬ, ಅದರ ಮೇಲೆ ಇನ್ನೊಂದು ತಟ್ಟೆ, ಅದರೊಳಗೂ ಅದೇ ಜೇನಿನ ದನಿ.

"ಕ್ಷಮಿಸಿ. ಗುರುತು ಸಿಗಲಿಲ್ಲ."

"ಮುಖ ಹೊಂದಿದ್ರೇನೆ ಚೀಟಿ," ಅಂದಳು ಕಿಟಕಿಯೊಳಗಿನ ಹಿರಿಯ ನರ್ಸಮ್ಮ.

"ತಾಯಿ, ಮುಖ ಸರಿ ಮಾಡಿಸ್ಕೊಳ್ಳೋಕೇ ಬಂದಿರೋದು," ಅಂದ ಭಾವ.

"ಸರಿ ಮಾಡಿಸ್ಕೊಂಡು ಬನ್ನಿ, ಚೀಟಿ ಕೊಡ್ತೀನಿ."

"ಚೀಟಿ ಕೊಡಿ, ಸರಿ ಮಾಡಿಸ್ಕೊಂಡು ಬರ್ತೀವಿ."

ಇಬ್ಬರೂ ಸುಮಾರು ಹೊತ್ತು ಹೀಗೇ ಗಾಣದೆತ್ತಿನಂತೆ ಸುತ್ತಿದರು. ಹಿಂದೆ ಸಾಲಿನಲ್ಲಿದ್ದವರು ಎರಡು ಪಂಗಡವಾದರು. ಯಂತ್ರ ಬಂದಮೇಲೆ ನಡುವೆ ನುಗ್ಗುವವರು ಕಡಿಮೆಯಾದರು ಅಂದರು ಒಂದಷ್ಟು ಜನ. ನುಗ್ಗುವವರೆಲ್ಲ ಈಗ ಹಿಂದಿನ ಬಾಗಿಲಿಂದ ಹೋಗುತ್ತಾರೆ ಅಂದರು ಉಳಿದವರು. ಯಾರ ಹಲ್ಲಿಗೂ ಅದರಿಂದ ಉಪಕಾರವಾಗಲಿಲ್ಲ. ಪೈಪಣ್ಣ ಮಾತ್ರ ಕೆನ್ನೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಂತಿದ್ದ. ಅದನ್ನು ನೋಡಿ ನರ್ಸಮ್ಮನ ಮನಸ್ಸು ಕರಗಿತು. ಮೇಜಿನ ಕೆಳಗಿಂದ ಧೂಳು ಹಿಡಿದ ಫಾರಮ್ಮೊಂದನ್ನು ತೆಗೆದಳು.

"ಇದು ಗುರುತಿಲ್ಲದವರದ್ದು. ಅಪಘಾತದಲ್ಲಿ ಪ್ರಜ್ಞೆ ಇಲ್ದೆ ಬರ್ತಾರಲ್ಲ, ಅವರಿಗೆ ಯಂತ್ರ ಬೇಕಿಲ್ಲ." ಬರೆಯುತ್ತಾ ಓದಿದಳು: "ಅಪರಿಚಿತ ಗಂಡಸು. ಸುಮಾರು ಐವತ್ತು ವರ್ಷ. ಸಿಕ್ಕಿದ ಸ್ಥಳ?"

"ಸಿಕ್ಕಿದ್ದಲ್ಲ ತಾಯಿ, ನನ್ನ ತಂಗಿ ಗಂಡ!"

"ಪರಿಚಯ ಹೇಳಿದ್ರೆ ಫಾರಂ ಕೆಡುತ್ತೆ ಕಣಪ್ಪ. ರಸ್ತೆ ಬದಿ ಅಂತ ಹಾಕ್ತೀನಿ. ಪ್ರಜ್ಞೆ?"

"ಇದೆ," ಅಂದ ಪೈಪಣ್ಣ.

"ಆಗಾಗ ಮಾತಾಡ್ತಾನೆ," ಎಂದು ಬರೆದುಕೊಂಡಳು.

ಹೀಗೆ ರಸ್ತೆ ಬದಿ ಸಿಕ್ಕಿದ ಅಪರಿಚಿತನ ಹಲ್ಲನ್ನು ಡಾಕ್ಟರು ಕಿತ್ತರು. ಕೀವು ತೆಗೆದು, ಬಾಯಿಗೆ ಹತ್ತಿ ಇಟ್ಟು, "ಎರಡು ಗಂಟೆ ಮಾತಾಡ್ಬೇಡಿ. ಮಂಜುಗಡ್ಡೆ ಹಿಡೀರಿ, ಸಂಜೆಗೆ ಇಳಿಯುತ್ತೆ," ಅಂದರು.

ಮಂಜುಗಡ್ಡೆ ಸಿಕ್ಕಿದ್ದು ಮೀನಂಗಡಿಯಲ್ಲಿ. ಕತೆ ಕೇಳಿದ ಮೀನಿನಮ್ಮ ಅವನನ್ನು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಮೀನಿನ ಕೆಳಗಿದ್ದ ಮಂಜನ್ನು ಬಟ್ಟೆಯಲ್ಲಿ ಕಟ್ಟಿ, ಗಿರಾಕಿಗಳ ನಡುವೆ ತಾನೇ ಆಗಾಗ ಬದಲಾಯಿಸುತ್ತಾ ಬಂದಳು.

"ಕಣ್ಣು ನೋಡಿದ್ರೆ ಮೀನು ಇವತ್ತಿಂದೋ ನಿನ್ನೇದೋ ಹೇಳ್ಬಿಡ್ತೀನಿ ನಾನು," ಅಂದಳು. "ಅಷ್ಟು ದೊಡ್ಡ ಯಂತ್ರಕ್ಕೆ, ದಿನಾ ಬರೋ ಮನುಷ್ಯನ ಕಣ್ಣು ಗೊತ್ತಾಗೋದಿಲ್ವೇನಪ್ಪ?"

ಪೈಪಣ್ಣ ತಲೆಯಾಡಿಸಿದ. ಬಾಯಿ ತುಂಬ ಹತ್ತಿ. ಕಾಲ ಹತ್ತಿರ ಮೂರು ಬೆಕ್ಕುಗಳು ಬಂದು, ಇವನೇ ಇವತ್ತಿನ ದೊಡ್ಡ ಮೀನೇನೋ ಎಂಬಂತೆ ಮೇಲೆ ನೋಡುತ್ತಾ ಕೂತವು.

ಮೂರೂವರೆಗೆ ಫೋನ್ ಬಂತು. ಹಾಜರಿ ಅಕ್ಕ. ದನಿಯಲ್ಲೇ ಸಂಭ್ರಮ. "ಅಣ್ಣ, ನಿಮ್ಮ ಕೆಲಸ ಆಯ್ತು! ಐದರೊಳಗೆ ಬಂದ್ಬಿಡಿ, ಅಷ್ಟೇ. ಏನೂ ಚಿಂತೆ ಮಾಡ್ಬೇಡಿ!"

"ಉಂ," ಅಂದ ಪೈಪಣ್ಣ. ಹೆಚ್ಚು ಕೇಳುವ ಹಾಗಿರಲಿಲ್ಲ.

ನಾಲ್ಕು ಗಂಟೆಗೆ ಕೆನ್ನೆ ಇಳಿಯಿತು. ಮೀನಿನಮ್ಮ ತನ್ನ ಕನ್ನಡಿ ತೋರಿಸಿದಳು. ಹಲ್ಲು ಹೋದ ಜಾಗ ಕೊಂಚ ಒಳಗೆ ಹೋಗಿತ್ತು, ಅಷ್ಟು ಬಿಟ್ಟರೆ ಮುಖ ಹಳೆಯ ಮುಖವೇ. ಭಾವ ಅವನನ್ನು ತಬ್ಬಿಕೊಂಡು, ಮೂಗು ಮುಚ್ಚಿಕೊಂಡು, ತಕ್ಷಣ ಬಿಟ್ಟ.

ನಾಲ್ಕು ನಲವತ್ತಕ್ಕೆ ಡಿಪೋ ಗೇಟಿನಲ್ಲಿ ಅರ್ಧ ಡಿಪೋ ಸೇರಿತ್ತು. ಹಾಜರಿ ಅಕ್ಕ ನಗುತ್ತಾ ಎದುರು ಬಂದವಳು, ಪೈಪಣ್ಣನ ಮುಖ ನೋಡಿ ನಿಂತಲ್ಲೇ ನಿಂತಳು.

"ಅಣ್ಣ... ಊತ ಎಲ್ಲಿ?"

"ಇಳಿಸಿದ್ವಿ!" ಅಂದ ಭಾವ, ಬಸ್ಸು ರಿಪೇರಿ ಮಾಡಿ ತಂದವನ ಠೀವಿಯಲ್ಲಿ.

"ಅಯ್ಯೋ ದೇವ್ರೇ," ಅಂದಳು ಹಾಜರಿ ಅಕ್ಕ. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು. "ಬೆಳಿಗ್ಗೆಯಿಂದ ಹದಿನೇಳು ಫೋನ್ ಮಾಡಿದೆ ಅಣ್ಣ. ಒಬ್ಬರು ಇನ್ನೊಬ್ಬರಿಗೆ ಹೇಳಿ ಅಂದ್ರು. ಕೊನೆಗೆ ಒಬ್ಬ ಸಾಹೇಬ್ರು ಒಪ್ಪಿದ್ರು. ಬೆಳಿಗ್ಗೆ ಯಂತ್ರ ಹನ್ನೊಂದು ಸಲ ನೋಡಿತ್ತಲ್ಲ, ಅದರಲ್ಲೇ ಒಂದು ಫೋಟೋ ಕಳಿಸಿ, ನಿಮ್ಮ ಹಳೇ ಫೋಟೋ ಯಂತ್ರದಿಂದ ತೆಗೆಸಿ, ಊದಿದ ಮುಖದ್ದನ್ನೇ ಹಾಕಿಸ್ದೆ."

"ತಿರುಗಿ ಹಳೇದು ಹಾಕ್ಸಮ್ಮ," ಅಂದ ಪೈಪಣ್ಣ ತೊದಲುತ್ತಾ.

"ವರ್ಷಕ್ಕೆ ಒಂದೇ ಸಲ ಬದಲಾಯಿಸೋಕೆ ಬಿಡೋದು."

ಆದರೂ ನೋಡೋಣ ಎಂದು ಅವನು ಯಂತ್ರದ ಮುಂದೆ ನಿಂತ. "ಕ್ಷಮಿಸಿ," ಅಂದಿತು ಅದು. ಬೆಳಿಗ್ಗೆಗಿಂತ ಈಗ ಇನ್ನಷ್ಟು ಪ್ರೀತಿಯಿಂದ ಹೇಳಿದ ಹಾಗೆ ಕೇಳಿಸಿತು.

ಹದಿನೈದು ನಿಮಿಷ ಉಳಿದಿತ್ತು. ಡಿಪೋಗೆ ಡಿಪೋವೇ ಒಂದು ಕೆನ್ನೆ ಊದಿಸುವ ಕೆಲಸಕ್ಕೆ ಇಳಿಯಿತು. ಡ್ರೈವರೊಬ್ಬ ತೋಳು ಮಡಚಿ, "ಅಣ್ಣ ಒಪ್ಪಿದ್ರೆ ಒಂದೇ ಏಟು. ತಾನಾಗೇ ಊದುತ್ತೆ," ಅಂದ. ಬೇರೆಯವರು ಅವನನ್ನು ಹಿಂದಕ್ಕೆ ಎಳೆದರು. ಹತ್ತಿ ತುಂಬಿದರು, ಸಾಲಲಿಲ್ಲ. ಕರವಸ್ತ್ರ ಸೇರಿಸಿದರು, ಕೆನ್ನೆ ಚೌಕವಾಯಿತು. ಕೊನೆಗೆ ಯಾರದೋ ಊಟದ ಡಬ್ಬಿಯಿಂದ ಅರ್ಧ ನಿಂಬೆಹಣ್ಣು ಬಂತು. ಭಾವ ಹತ್ತಿಯ ಒಳಗೆ ಅದನ್ನಿಟ್ಟು ಸರಿಪಡಿಸಿದ. ನಿಂಬೆಯ ಹುಳಿ ಹೊಸ ಗಾಯಕ್ಕೆ ತಾಗಿದ್ದೇ ತಡ, ಪೈಪಣ್ಣನ ಎಡಗಣ್ಣು ತಾನಾಗಿ ಅರ್ಧ ಮುಚ್ಚಿತು, ಬಾಯಿ ತಾನಾಗಿ ಪಕ್ಕಕ್ಕೆ ಸರಿಯಿತು.

"ಅದೇ! ಅದೇ ಮುಖ! ಅಲ್ಲಾಡ್ಬೇಡಿ!" ಎಂದು ಹಾಜರಿ ಅಕ್ಕ ಕೂಗಿದಳು.

ಐದಕ್ಕೆ ಎರಡು ನಿಮಿಷ. ಯಂತ್ರದ ಕನ್ನಡಿಯ ಮೇಲೆ ಹಸಿರು ದೀಪ ಹತ್ತಿತು. "ಗುರುತು ಸಿಕ್ಕಿತು. ಸುಸ್ವಾಗತ."

ಚಪ್ಪಾಳೆ ಬಿತ್ತು. ಭಾವ ಅತ್ತೇಬಿಟ್ಟ. ಡ್ರೈವರು ನಿಂತಿದ್ದ ಬಸ್ಸಿನ ಹಾರನ್ ಒತ್ತಿದ. ಆ ಗದ್ದಲದಲ್ಲಿ ಯಂತ್ರ ಇನ್ನೂ ಏನೋ ಹೇಳುತ್ತಿತ್ತು. ಹಾಜರಿ ಅಕ್ಕ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

"...ಹೊಸ ನೌಕರರೇ, ಇದು ನಿಮ್ಮ ಮೊದಲನೆಯ ದಿನ. ಇನ್ನು ಇನ್ನೂರ ತೊಂಬತ್ತೊಂಬತ್ತು ದಿನಗಳು ಬಾಕಿ. ಶುಭವಾಗಲಿ."

ಅಕ್ಕ ಬೆರಳಲ್ಲಿ ಯಂತ್ರವನ್ನು ಒತ್ತಿ ಒತ್ತಿ ನೋಡಿದಳು. ಹೊಸ ಮುಖ ಹಾಕಿದ್ದಕ್ಕೆ ಅದು ಹೊಸ ಮನುಷ್ಯನನ್ನೇ ಸೇರಿಸಿಕೊಂಡಿತ್ತು.

"ಹಾಗಾದ್ರೆ ಹಳೇ ಪೈಪಣ್ಣ?" ಕೇಳಿದ ಭಾವ.

ಅಕ್ಕ ಓದಿದಳು. "ಅವರು ಇವತ್ತು ಗೈರುಹಾಜರು."

ಕೆನ್ನೆಯಿಂದ ನಿಂಬೆಹಣ್ಣು ತೆಗೆದು ಪೈಪಣ್ಣ ಅದನ್ನೇ ನೋಡುತ್ತಾ ನಿಂತ. ಹಾಜರಿ ಅಕ್ಕ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. "ಅಳಬೇಡಮ್ಮ. ನನಗೋಸ್ಕರ ಹದಿನೇಳು ಫೋನ್ ಯಾರು ಮಾಡ್ತಾರೆ?" ಅಂದ. ಅಷ್ಟು ಹೇಳುವುದಕ್ಕೂ ದವಡೆ ನೋಯುತ್ತಿತ್ತು.

ಅರವತ್ತೆಂಟು ಮೆಟ್ಟಿಲನ್ನು ಅಂದು ಅವನು ಎಂದಿಗಿಂತ ನಿಧಾನವಾಗಿ ಹತ್ತಿದ. ಹೆಂಡತಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ, ನಡುನಡುವೆ ಕೆನ್ನೆ ಒತ್ತಿಕೊಳ್ಳುತ್ತಾ. ಕೊನೆಯ ಮಾತು ಹೇಳುವಾಗ ಆಕೆಯ ಮೊಣಕಾಲನ್ನು ನೋಡಿದ, ಮುಖ ನೋಡಲಿಲ್ಲ.

ಆಕೆ ಅವನ ಅಂಗಿ ಮೂಸಿ ನೋಡಿದಳು. ಆಮೇಲೆ, "ಹಳಬರು ಗೈರುಹಾಜರು ಅಂದ್ರಲ್ಲ. ಹಾಗಾದ್ರೆ ಈ ಮೀನಿನ ವಾಸನೆಯವರು ಯಾರು?" ಎಂದು ಕೇಳಿದಳು.

"ಹೊಸಬ. ಇವತ್ತೇ ಸೇರಿದ್ದು."

"ಕೂತ್ಕೊಳ್ಳಿ ಹಾಗಾದ್ರೆ."

ಅವನು ಕೂತ. ಆಕೆ ಹೊಲಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಸೀರೆಯ ಮೆತ್ತನೆಯ ಚೂರೊಂದನ್ನು ಹುಡುಕಿ ತೆಗೆದು, ಅಂಚು ಒಳಕ್ಕೆ ಮಡಚಿ, ಒಳಗೆ ಹತ್ತಿ ತುಂಬಿ, ಗುಂಡಗೆ ಮಾಡಿ ಅಂಗೈಯಲ್ಲಿ ತೂಗಿ ನೋಡಿದಳು.

"ಬಾಯಿ ಬಿಡಿ," ಅಂದಳು. "ಅಳತೆ ನೋಡ್ಬೇಕು. ಎರಡು ಹೊಲಿದಿಡ್ತೀನಿ, ಒಂದು ಒಣಗೋವಾಗ ಇನ್ನೊಂದು ಬೇಕಾಗುತ್ತೆ."